ಹುಬ್ಬಳ್ಳಿಯಿಂದ ಮಂಗಳೂರಿಗೆ 267 ಕಿ.ಮೀ., ವಿಮಾನ ಹತ್ತಿದರೆ 677!

ಹೋದ ತಿಂಗಳು ಇಲ್ಲಿ ಬ್ಯಾಗಿನ ತೂಕದ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ತೂಕದ ಬಗ್ಗೆ ಅಲ್ಲವೇ ಅಲ್ಲ, ಊರಿಂದೂರಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು ಅನ್ನುವ ಬಗ್ಗೆ. ಹದಿನೆಂಟು ವರ್ಷ ಟಿಕೆಟ್ ಬುಕಿಂಗ್ ಕೌಂಟರಿನ ಹಿಂದೆ ಕೂತವನು ನಾನು. "ಎಷ್ಟು ದೂರ ರೀ?" ಅಂತ ಕೇಳಿದವರಿಗೆ ಕಿಲೋಮೀಟರ್ ಬೇಕಾಗಿರುವುದಿಲ್ಲ. ರಾತ್ರಿ ಊಟಕ್ಕೆ ಮನೆ ಸೇರುತ್ತೇನಾ ಇಲ್ವಾ, ಅಷ್ಟು ಗೊತ್ತಾದರೆ ಸಾಕು. ಹಾಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ.

ಪ್ರಶ್ನೆ: ಮಗಳು ದೇರಳಕಟ್ಟೆಯಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ಹುಬ್ಬಳ್ಳಿ ಮತ್ತು ಮಂಗಳೂರು ವಿಮಾನ ನಿಲ್ದಾಣಗಳ ನಡುವೆ 267 ಕಿ.ಮೀ., ಹಾರಾಟದ ಸಮಯ 50 ನಿಮಿಷ ಅಂತ ಒಂದು ವೆಬ್‌ಸೈಟ್ ತೋರಿಸಿತು. ಖುಷಿಯಾಗಿ ಟಿಕೆಟ್ ಹುಡುಕಿದರೆ ಎಲ್ಲವೂ ಬೆಂಗಳೂರಿನ ಮೇಲೆ ಹೋಗುವಂಥವು, ಐದು ಗಂಟೆ, ಆರು ಗಂಟೆ. ಯಾವುದನ್ನು ನಂಬಲಿ? (ಒಬ್ಬ ತಾಯಿ, ಹುಬ್ಬಳ್ಳಿ)

ಎರಡೂ ಸುಳ್ಳಲ್ಲ ಅಮ್ಮ. ಆದರೆ ಮೊದಲನೆಯದು ವಿಮಾನದ ಲೆಕ್ಕ ಅಲ್ಲ, ಬರೀ ನಕ್ಷೆಯ ಲೆಕ್ಕ.

ಅಂಥ ವೆಬ್‌ಸೈಟ್‌ಗಳು ಮಾಡುವುದು ಇಷ್ಟೇ. ಎರಡು ನಿಲ್ದಾಣಗಳ ಅಕ್ಷಾಂಶ ರೇಖಾಂಶ ತೆಗೆದುಕೊಂಡು ನಡುವೆ ಒಂದು ನೇರ ಗೆರೆ ಎಳೆಯುತ್ತವೆ. ಆ ಗೆರೆಯ ಉದ್ದವನ್ನು ಗಂಟೆಗೆ 800 ಕಿ.ಮೀ. ಅಂತ ಭಾಗಿಸಿ, ಏರುವುದಕ್ಕೆ ಇಳಿಯುವುದಕ್ಕೆ ಅಂತ ಅರ್ಧ ಗಂಟೆ ಸೇರಿಸುತ್ತವೆ. 267ಕ್ಕೆ 20 ನಿಮಿಷ, ಮೇಲೆ 30, ಒಟ್ಟು 50. ಆ ಗೆರೆಯ ಮೇಲೆ ವಿಮಾನ ಓಡುತ್ತದೋ ಇಲ್ಲವೋ ಅದು ಅವುಗಳಿಗೆ ಬೇಡವಾದ ವಿಷಯ. ಎರಡೂ ಕಡೆ ರನ್‌ವೇ ಇದ್ದರೆ ಸಾಕು, ಉತ್ತರ ರೆಡಿ.

ಆದರೂ ಆ ಗೆರೆ ನೋಡುವುದಕ್ಕೆ ಚೆಂದ ಇದೆ. ಗೋಕುಲ ರಸ್ತೆಯ ಕಡೆಯಿಂದ ಎದ್ದರೆ ಮುಂಡಗೋಡದ ಮೇಲೆ ಹಾದು, ಸಾಗರದ ಪಕ್ಕದಲ್ಲೇ ಹೋಗಿ, ಶರಾವತಿ ಹಿನ್ನೀರಿನ ಅಂಚು ದಾಟಿ, ಘಟ್ಟ ಇಳಿದು, ಕಾರ್ಕಳದ ಹತ್ತಿರದಿಂದ ಮಂಗಳೂರು ನಿಲ್ದಾಣ ಇರುವ ಬಜ್ಪೆಗೆ. ಹದ್ದಿಗೆ ಹೇಳಿ ಮಾಡಿಸಿದ ದಾರಿ. ಈಗ ನಿಮ್ಮ ಟಿಕೆಟಿನ ದಾರಿ ನೋಡಿ. ಹುಬ್ಬಳ್ಳಿಯಿಂದ ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೆ ನೇರ ಗೆರೆಯಲ್ಲಿ ಸುಮಾರು 371 ಕಿ.ಮೀ., ಅಲ್ಲಿಂದ ಮಂಗಳೂರಿಗೆ ಮತ್ತೆ 306. ಒಟ್ಟು 677. ದಕ್ಷಿಣಕ್ಕೆ ಹೋಗಬೇಕಾದವರು ಮೊದಲು ಆಗ್ನೇಯಕ್ಕೆ ಹೋಗಿ, ದೇವನಹಳ್ಳಿಯಲ್ಲಿ ಕಾಫಿ ಕುಡಿದು, ಆಮೇಲೆ ಪಶ್ಚಿಮಕ್ಕೆ ವಾಪಸ್ ಬರಬೇಕು. ಪಕ್ಕದ ಮನೆಗೆ ಹೋಗಲು ಇಡೀ ಊರು ಸುತ್ತಿದ ಹಾಗೆ.

ಇನ್ನು ಹೊತ್ತಿನ ಲೆಕ್ಕ. ಮನೆಯಿಂದ ನಿಲ್ದಾಣಕ್ಕೆ ಅರ್ಧ ಗಂಟೆ. ಚೆಕ್-ಇನ್, ಸೆಕ್ಯುರಿಟಿ, ಕಾಯುವುದು ಎಲ್ಲ ಸೇರಿ ಒಂದೂಕಾಲು ಗಂಟೆ. ಬೆಂಗಳೂರಿಗೆ ಒಂದು ಗಂಟೆ ಹತ್ತು ನಿಮಿಷ. ಅಲ್ಲಿ ಮುಂದಿನ ವಿಮಾನಕ್ಕೆ ಕಾಯುವುದು ಎರಡೂವರೆ ಗಂಟೆ ಅಂತ ಇಟ್ಟುಕೊಳ್ಳಿ, ಇದಕ್ಕಿಂತ ಕಡಿಮೆ ಇರುವ ಟಿಕೆಟ್ ತಗೊಂಡರೆ ಎದೆ ಢವಢವ ಅನ್ನುತ್ತಲೇ ಇರುತ್ತದೆ. ಮಂಗಳೂರಿಗೆ ಒಂದು ಗಂಟೆ ಐದು ನಿಮಿಷ. ಬ್ಯಾಗ್ ಬರುವುದಕ್ಕೆ ಇಪ್ಪತ್ತು ನಿಮಿಷ. ಬಜ್ಪೆಯಿಂದ ಊರು ದಾಟಿ ದೇರಳಕಟ್ಟೆಗೆ ಒಂದು ಗಂಟೆ. ಕೂಡಿಸಿದರೆ ಏಳು ಗಂಟೆ ಐವತ್ತು ನಿಮಿಷ. ಹುಬ್ಬಳ್ಳಿಯಲ್ಲಿ ರಾತ್ರಿ ಊಟ ಮಾಡಿ ಸ್ಲೀಪರ್ ಬಸ್ ಹತ್ತಿದ ಹುಡುಗಿ ಬೆಳಗ್ಗೆ ಮಂಗಳೂರಲ್ಲಿ ಕಣ್ಣು ಬಿಡುತ್ತಾಳಲ್ಲ, ಅದಕ್ಕೂ ಹೆಚ್ಚುಕಡಿಮೆ ಇಷ್ಟೇ ಹೊತ್ತು. ರಸ್ತೆ ಯಲ್ಲಾಪುರ–ಅಂಕೋಲಾ ಮೇಲಾದರೂ ಅಷ್ಟೆ, ಶಿರಸಿ–ಕುಮಟಾ ಮೇಲಾದರೂ ಅಷ್ಟೆ, 350ರಿಂದ 370 ಕಿ.ಮೀ. ವ್ಯತ್ಯಾಸ ಏನೆಂದರೆ ಬಸ್ಸಿನಲ್ಲಿ ಆ ಎಂಟು ಗಂಟೆ ಮಲಗಿರುತ್ತಾಳೆ, ವಿಮಾನದಲ್ಲಾದರೆ ಬೆಲ್ಟ್ ಬಿಚ್ಚಿ, ಬೆಲ್ಟ್ ಹಾಕಿ, ಲ್ಯಾಪ್‌ಟಾಪ್ ತೆಗೆದು, ಲ್ಯಾಪ್‌ಟಾಪ್ ಇಟ್ಟು, ಸಾಲಿನಲ್ಲಿ ನಿಂತಿರುತ್ತಾಳೆ.

ರೈಲು ಕೇಳುತ್ತೀರಿ ಅಂತ ಗೊತ್ತು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ಮಾತು ನಾನು ಹುಡುಗನಾಗಿದ್ದಾಗಿನಿಂದ ಕೇಳುತ್ತಿದ್ದೇನೆ, ಕಾಡಿನ ವಿಷಯ, ಕೋರ್ಟಿನ ವಿಷಯ, ಅದು ಬೇರೆಯೇ ಕತೆ. ವಿಜಯಪುರದಿಂದ ಮಂಗಳೂರಿಗೆ ಬರುವ ರೈಲು ಹುಬ್ಬಳ್ಳಿಯಲ್ಲಿ ಸಿಗುತ್ತದೆ, ಆದರೆ ಅದು ದಾವಣಗೆರೆ, ಅರಸೀಕೆರೆ, ಹಾಸನ ಸುತ್ತಿ ಸಕಲೇಶಪುರದ ಘಟ್ಟ ಇಳಿದು ಹೋಗುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ಘಟ್ಟದಲ್ಲಿ 57 ಸುರಂಗ, ಅಲ್ಲಿ ರೈಲು ತೆವಳಿಕೊಂಡೇ ಹೋಗಬೇಕು. ಕಿಟಕಿ ಪಕ್ಕ ಸೀಟ್ ಸಿಕ್ಕಿದರೆ ಸ್ವರ್ಗ. ಪರೀಕ್ಷೆಯ ಹಿಂದಿನ ದಿನ ಹೋಗಬೇಕಾದರೆ ಬೇಡ.

ಹಾಗಾದರೆ ವಿಮಾನ ಬೇಡವೇ ಬೇಡವಾ? ಒಂದು ಸಂದರ್ಭದಲ್ಲಿ ಬೇಕು, ಜುಲೈನಲ್ಲಿ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಕುಸಿದದ್ದು ನಿಮಗೆ ನೆನಪಿರುತ್ತದೆ. ಅಂಥ ದಿನಗಳಲ್ಲಿ 370 ಕಿ.ಮೀ. ಅನ್ನುವ ಸಂಖ್ಯೆಗೂ ಅರ್ಥ ಇರುವುದಿಲ್ಲ. ಆದರೆ ಮಳೆಗಾಲದಲ್ಲಿ ಬಜ್ಪೆಯನ್ನೂ ಪೂರ್ತಿ ನೆಚ್ಚಿಕೊಳ್ಳಬೇಡಿ. ಅದು ಗುಡ್ಡದ ತಲೆ ಸಪಾಟು ಮಾಡಿ ಕಟ್ಟಿದ ರನ್‌ವೇ, ಉದ್ದ 2450 ಮೀಟರ್, ಎರಡೂ ತುದಿಯಲ್ಲಿ ಇಳಿಜಾರು. 2010ರ ಮೇ 22ರಂದು ಅಲ್ಲಿ 158 ಜನರನ್ನು ಕಳೆದುಕೊಂಡಿದ್ದೇವೆ. ಹಾಗಾಗಿ ಮೋಡ ಕವಿದು ರನ್‌ವೇ ಕಾಣದಿದ್ದರೆ ಪೈಲಟ್ ಇಳಿಸುವುದಿಲ್ಲ, ಇಳಿಸಲೂಬಾರದು. ನಾನೇ ಒಂದು ಆಷಾಢದಲ್ಲಿ ಮದುವೆ ಮಾತುಕತೆಗೆ ಅಂತ ಬೆಂಗಳೂರಿನಿಂದ ಹೊರಟೆ (ಆಷಾಢದಲ್ಲಿ ಹೊರಟಿದ್ದೇ ತಪ್ಪು ಅಂತ ಅತ್ತೆ ಇವತ್ತಿಗೂ ಹೇಳುತ್ತಾರೆ), ಕಡಲ ಮೇಲೆ ಮೂರು ಸುತ್ತು ಹಾಕಿ, ಇಳಿಯಲಾಗದೆ, ಎರಡು ಗಂಟೆ ಹಾರಿದ ಮೇಲೆ ಬಂದಿಳಿದ ಊರು ಯಾವುದು ಗೊತ್ತಾ? ಬೆಂಗಳೂರು. ಆ ದಿನ ನನ್ನ ಪ್ರಯಾಣದ ದೂರ ಲೆಕ್ಕಕ್ಕೆ ಸೊನ್ನೆ.

ಮಗಳಿಗೆ ಬಸ್ಸೇ ಸಾಕು ಅಮ್ಮ. ಉಳಿದ ದುಡ್ಡಲ್ಲಿ ಧಾರವಾಡ ಪೇಡ ಕಳಿಸಿ.

ಪ್ರಶ್ನೆ: ನಾನು ಹತ್ತನೇ ಕ್ಲಾಸ್. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ಇಂಟರ್ನೆಟ್ ಇಲ್ಲದೆ ನಾವೇ ಲೆಕ್ಕ ಹಾಕಬಹುದಾ? (ವಿದ್ಯಾರ್ಥಿ, ಹಾವೇರಿ)

ಯಾಕಾಗಲ್ಲ! ನೀನು ಓದುತ್ತಿರುವ ಪೈಥಾಗೊರಸ್ ಪ್ರಮೇಯವೇ ಸಾಕು. ಅದು ಯಾವ ಕೆಲಸಕ್ಕೆ ಬರುತ್ತದೆ ಅಂತ ಕೇಳುತ್ತಿದ್ದೆಯಲ್ಲ, ಇದಕ್ಕೇ.

ಮೊದಲು ಎರಡೂ ಕಡೆಯ ಅಕ್ಷಾಂಶ, ರೇಖಾಂಶ ಬೇಕು. ಹುಬ್ಬಳ್ಳಿ ನಿಲ್ದಾಣ 15.36 ಉತ್ತರ, 75.08 ಪೂರ್ವ. ಮಂಗಳೂರು 12.96 ಉತ್ತರ, 74.89 ಪೂರ್ವ. ಉತ್ತರ ದಕ್ಷಿಣ ವ್ಯತ್ಯಾಸ 2.40 ಡಿಗ್ರಿ. ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 111 ಕಿ.ಮೀ., ಹಾಗಾಗಿ 266. ಪೂರ್ವ ಪಶ್ಚಿಮ ವ್ಯತ್ಯಾಸ 0.19 ಡಿಗ್ರಿ. ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋದ ಹಾಗೆ ಹತ್ತಿರ ಬರುತ್ತವೆ, ಕಿತ್ತಳೆ ಹಣ್ಣಿನ ತುದಿಯಲ್ಲಿ ತೊಳೆಗಳು ಸೇರುವ ಹಾಗೆ. ನಮ್ಮ ಕರ್ನಾಟಕದ ಮಟ್ಟಿಗೆ ಒಂದು ಡಿಗ್ರಿಗೆ 108 ಅಂತ ಇಟ್ಟುಕೋ. 0.19ಕ್ಕೆ 20 ಕಿ.ಮೀ. ಆಯಿತು. ಈಗ 266ರ ವರ್ಗ, 20ರ ವರ್ಗ, ಕೂಡಿಸಿ ವರ್ಗಮೂಲ ತೆಗೆ. 267 ಬರುತ್ತದೆ.

ಭೂಮಿ ಗುಂಡಗಿದೆಯಲ್ಲ ಸಾರ್ ಅಂತ ನಿನ್ನ ಮೇಷ್ಟ್ರು ಕೇಳಬಹುದು. ಇಷ್ಟು ಸಣ್ಣ ದೂರಕ್ಕೆ ಅದರಿಂದ ಏನೂ ಬದಲಾಗುವುದಿಲ್ಲ. ಬೆಂಗಳೂರಿನಿಂದ ಲಂಡನ್‌ಗೆ ಲೆಕ್ಕ ಹಾಕಬೇಕಾದರೆ ಮಾತ್ರ ಈ ವಿಧಾನ ಕೈ ಕೊಡುತ್ತದೆ.

ಇನ್ನೊಂದು ವಿಷಯ. ಪೈಲಟ್‌ಗಳು ಕಿಲೋಮೀಟರ್ ಬಳಸುವುದಿಲ್ಲ, ನಾಟಿಕಲ್ ಮೈಲಿ ಬಳಸುತ್ತಾರೆ. ಅದು 1.852 ಕಿ.ಮೀ. ಯಾಕೆ ಅಂಥ ವಿಚಿತ್ರ ಸಂಖ್ಯೆ? ಒಂದು ಡಿಗ್ರಿ ಅಕ್ಷಾಂಶವನ್ನು ಅರವತ್ತು ಭಾಗ ಮಾಡಿದರೆ ಒಂದು ಭಾಗಕ್ಕೆ ಬರುವುದು ಅದೇ. 60 ಗುಣಿಸು 1.852 ಮಾಡಿ ನೋಡು, 111 ಬರುತ್ತದೆ. ನಕ್ಷೆಯ ಅಂಚಿನಲ್ಲೇ ಅಳತೆಪಟ್ಟಿ ಇಟ್ಟ ಹಾಗೆ.

ಪ್ರಶ್ನೆ: ಮಗನ ಮನೆಗೆ ಅಂತ ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವಾಗ ಟಿಕೆಟಿನಲ್ಲಿ ಒಂದು ಗಂಟೆಗೂ ಮೇಲೆ ತೋರಿಸುತ್ತಾರೆ. ನನ್ನ ವಾಚಿನಲ್ಲಿ ನೋಡಿದರೆ ಗಾಳಿಯಲ್ಲಿ ಇದ್ದದ್ದು 37 ನಿಮಿಷ. ಉಳಿದ ಸಮಯ ಎಲ್ಲಿ ಹೋಯಿತು? ಹೀಗಿರುವಾಗ ರೈಲು ಬಿಟ್ಟು ವಿಮಾನದಲ್ಲಿ ಹೋಗುವುದು ಲಾಭವಾ? (ನಿವೃತ್ತ ಉದ್ಯೋಗಿ, ಶಿವಮೊಗ್ಗ)

ವಾಚ್ ನೋಡಿಕೊಂಡು ಕೂತಿದ್ದೀರಲ್ಲ, ನನಗೆ ಇಂಥ ಪ್ರಯಾಣಿಕರು ಇಷ್ಟ.

ಟಿಕೆಟಿನಲ್ಲಿ ಇರುವುದು ಹಾರಾಟದ ಸಮಯ ಅಲ್ಲ. ವಿಮಾನದ ಚಕ್ರಕ್ಕೆ ಅಡ್ಡ ಇಡುವ ಕಟ್ಟೆ ಇರುತ್ತದಲ್ಲ, ಲಾರಿಯ ಚಕ್ರಕ್ಕೆ ಕಲ್ಲು ಕೊಟ್ಟ ಹಾಗೆ, ಅದನ್ನು ನಿಮ್ಮ ಶಿವಮೊಗ್ಗ ನಿಲ್ದಾಣ ಇರುವ ಸೊಗಾನೆಯಲ್ಲಿ ತೆಗೆದ ಕ್ಷಣದಿಂದ ದೇವನಹಳ್ಳಿಯಲ್ಲಿ ಮತ್ತೆ ಕೊಡುವ ಕ್ಷಣದವರೆಗಿನ ಹೊತ್ತು ಅದು. ಈ ಉದ್ಯೋಗದಲ್ಲಿ ಇದ್ದವರು ಬ್ಲಾಕ್ ಟೈಮ್ ಅನ್ನುತ್ತಾರೆ. ರನ್‌ವೇವರೆಗೆ ಉರುಳುವುದು, ಸರದಿಗೆ ಕಾಯುವುದು, ಇಳಿದ ಮೇಲೆ ಟರ್ಮಿನಲ್‌ಗೆ ಬರುವುದು ಎಲ್ಲ ಅದರಲ್ಲಿ ಸೇರಿರುತ್ತದೆ. ಸೊಗಾನೆಯಲ್ಲಿ ಅದು ಐದು ನಿಮಿಷದ ಕೆಲಸ, ಮುಂದೆ ಹಿಂದೆ ಯಾರೂ ಇರುವುದಿಲ್ಲ. ಬೆಂಗಳೂರಿನಲ್ಲಿ ಹಾಗಲ್ಲ. ಎರಡು ರನ್‌ವೇ ಇದ್ದರೂ ಬೆಳಗ್ಗೆ ಸಂಜೆ ವಿಮಾನಗಳ ಸಾಲು ಮೆಜೆಸ್ಟಿಕ್ ಬಸ್ ನಿಲ್ದಾಣದ ಹಾಗೆ. ಇಳಿದ ಮೇಲೆ ಹತ್ತು ಹದಿನೈದು ನಿಮಿಷ ಸುಮ್ನೆ ಉರುಳುತ್ತಾ ಹೋಗುವುದು ಮಾಮೂಲು. ಇದರ ಮೇಲೆ ಕಂಪನಿಗಳು ಸ್ವಲ್ಪ ಮಿಗಿಸಿಯೂ ಬರೆದುಕೊಳ್ಳುತ್ತವೆ. ತಡವಾದರೂ ತಡವಾಗಲಿಲ್ಲ ಅನ್ನಿಸಿಕೊಳ್ಳಬೇಕಲ್ಲ. "ಹತ್ತು ನಿಮಿಷ ಮುಂಚೆಯೇ ಬಂದಿಳಿದಿದ್ದೇವೆ" ಅಂತ ಗಗನಸಖಿ ಹೇಳಿದಾಗ ಜನ ಮೆಚ್ಚಿಕೊಳ್ಳುತ್ತಾರೆ. ನಾನು ಮಾತ್ರ ಮನಸ್ಸಲ್ಲೇ ನಗುತ್ತೇನೆ.

ಇನ್ನು ವೇಗ. ಎರಡು ನಿಲ್ದಾಣಗಳ ನಡುವೆ ನೇರ ಗೆರೆಯಲ್ಲಿ ಸುಮಾರು 238 ಕಿ.ಮೀ. ಈ ದಾರಿಗಳಲ್ಲಿ ಸಾಮಾನ್ಯವಾಗಿ ಓಡುವುದು ರೆಕ್ಕೆಯ ಮೇಲೆ ಎರಡು ಫ್ಯಾನ್ ಇರುವ ಎಟಿಆರ್ 72. ಅದರ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ದೊಡ್ಡ ಏರ್‌ಬಸ್ ಜೆಟ್ 800 ದಾಟುತ್ತದೆ. ಹಾಗಂತ ಜೆಟ್ ಹಾಕಿದರೆ ಅರ್ಧ ಹೊತ್ತಿಗೆ ಬರಬಹುದು ಅಂತಲ್ಲ. ಇಷ್ಟು ಸಣ್ಣ ದಾರಿಯಲ್ಲಿ ಅದು ಪೂರ್ತಿ ವೇಗಕ್ಕೆ ಏರುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ. ಹತ್ತು ನಿಮಿಷ ಉಳಿದರೆ ಹೆಚ್ಚು, ಅದಕ್ಕೆ ಸುಡುವ ಇಂಧನ ಮಾತ್ರ ಎಷ್ಟೋ ಜಾಸ್ತಿ. ಎದುರುಗಾಳಿಯ ಬಗ್ಗೆಯೂ ಕೆಲವರು ಬರೆದಿದ್ದಾರೆ. ಗಂಟೆಗೆ 40 ಕಿ.ಮೀ. ಎದುರುಗಾಳಿ ಇದ್ದರೂ ಇಷ್ಟು ದೂರಕ್ಕೆ ಎರಡು ಮೂರು ನಿಮಿಷದ ವ್ಯತ್ಯಾಸ, ಅದರ ತಲೆಬಿಸಿ ಬೇಡ.

ಲಾಭದ ಪ್ರಶ್ನೆಗೆ ಬಂದರೆ, ಬೆಂಗಳೂರಿನಲ್ಲಿ ನಿಮ್ಮ ಮಗನ ಮನೆ ಎಲ್ಲಿದೆ ಅನ್ನುವುದನ್ನು ಬರೆಯಲಿಲ್ಲ ನೀವು. ಜಯನಗರ ಅಂತ ಇಟ್ಟುಕೊಳ್ಳೋಣ. ಮನೆಯಿಂದ ಸೊಗಾನೆಗೆ ಅರ್ಧ ಗಂಟೆ, ಅಲ್ಲಿ ಒಂದೂಕಾಲು, ವಿಮಾನ ಒಂದು ಗಂಟೆ ಐದು ನಿಮಿಷ, ಬ್ಯಾಗಿಗೆ ಇಪ್ಪತ್ತು, ದೇವನಹಳ್ಳಿಯಿಂದ ಜಯನಗರಕ್ಕೆ 40 ಕಿ.ಮೀ. ದಾಟುತ್ತದೆ, ಹೆಬ್ಬಾಳದ ದೇವರು ಕಣ್ಣು ಬಿಟ್ಟರೆ ಒಂದೂವರೆ ಗಂಟೆ. ನಾಲ್ಕು ಗಂಟೆ ನಲವತ್ತು ನಿಮಿಷ. ಜನಶತಾಬ್ದಿ ರೈಲು ನಾಲ್ಕೂವರೆ ಗಂಟೆಯ ಆಸುಪಾಸಿನಲ್ಲಿ ನಿಮ್ಮನ್ನು ಬೆಂಗಳೂರಿಗೆ ತಂದು ಇಳಿಸುತ್ತದೆ, ದಾರಿಯಲ್ಲಿ ತಿಂಡಿ ಸಿಗುತ್ತದೆ, ಕಾಲು ಚಾಚಿ ಓಡಾಡಬಹುದು. ಅದೇ ಮಗ ಯಲಹಂಕದಲ್ಲಿದ್ದರೆ, ಅಥವಾ ನೀವು ಅಲ್ಲಿಂದ ದೆಹಲಿಗೋ ಅಮೆರಿಕಕ್ಕೋ ಹೋಗುವವರಾದರೆ ಕಣ್ಣು ಮುಚ್ಚಿ ವಿಮಾನ ಹತ್ತಿ.

ಶಿವಮೊಗ್ಗದ ನಿಲ್ದಾಣದ ಬಗ್ಗೆ ಒಂದು ಮಾತು ಹೇಳದಿದ್ದರೆ ಅಲ್ಲಿನವರು ಬೇಜಾರು ಮಾಡಿಕೊಳ್ಳುತ್ತಾರೆ. 2023ರ ಫೆಬ್ರವರಿ 27ರಂದು ಉದ್ಘಾಟನೆ ಆಯಿತು, ಆಗಸ್ಟ್ 31ಕ್ಕೆ ಮೊದಲ ಪ್ರಯಾಣಿಕರ ವಿಮಾನ ಬಂತು. ಕುವೆಂಪು ಹೆಸರು. ರನ್‌ವೇ ಉದ್ದ 3200 ಮೀಟರ್, ಮಂಗಳೂರಿಗಿಂತ ಮುಕ್ಕಾಲು ಕಿಲೋಮೀಟರ್ ಜಾಸ್ತಿ.

ಪ್ರಶ್ನೆ: ಮೈಸೂರು–ಬೆಂಗಳೂರು ವಿಮಾನ ಯಾಕೆ ಕಾಯಂ ಆಗಿ ಉಳಿಯುವುದೇ ಇಲ್ಲ? ಶುರುವಾಗುತ್ತದೆ, ಸ್ವಲ್ಪ ದಿನಕ್ಕೆ ಮಾಯ. (ಗೃಹಿಣಿ, ಕುವೆಂಪುನಗರ, ಮೈಸೂರು)

ಕೇಳಿ ಮಜಾ. ಮಂಡಕಳ್ಳಿ ನಿಲ್ದಾಣದಿಂದ ಕೆಂಪೇಗೌಡ ನಿಲ್ದಾಣಕ್ಕೆ ಆಕಾಶದಲ್ಲಿ ನೇರ ಗೆರೆ ಎಳೆದರೆ 157 ಕಿ.ಮೀ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ದ 118 ಕಿ.ಮೀ.! ಆಕಾಶದ ದಾರಿಯೇ ನೆಲದ ದಾರಿಗಿಂತ ಉದ್ದ. ಮಂಡಕಳ್ಳಿ ಮೈಸೂರಿನ ಆಚೆ, ನಂಜನಗೂಡಿನ ಕಡೆ. ದೇವನಹಳ್ಳಿ ಬೆಂಗಳೂರಿನ ಆಚೆ, ಚಿಕ್ಕಬಳ್ಳಾಪುರದ ಕಡೆ. ಎರಡೂ ನಿಲ್ದಾಣಗಳು ಒಂದಕ್ಕೊಂದು ಬೆನ್ನು ಹಾಕಿ ಕೂತಿವೆ. ಬೆಂಗಳೂರಿನ ಊರೊಳಗೆ ಕೆಲಸ ಇರುವವರು ಯಾಕೆ ಈ ವಿಮಾನ ಹತ್ತಬೇಕು ಹೇಳಿ. 2023ರ ಮಾರ್ಚ್‌ನಲ್ಲಿ ಆ ರಸ್ತೆ ಉದ್ಘಾಟನೆ ಆದ ಮೇಲಂತೂ ಕಾರಿನಲ್ಲಿ ಹೋಗುವವರೇ ಜಾಸ್ತಿ.

ಉಳಿದದ್ದು ಬೆಂಗಳೂರಿನಿಂದ ಮುಂದೆ ಬೇರೆ ವಿಮಾನ ಹತ್ತುವವರು ಮಾತ್ರ. ಅವರಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ, ಮೈಸೂರಿನಿಂದ ನೇರ ದೇವನಹಳ್ಳಿ ನಿಲ್ದಾಣದ ಬಾಗಿಲಿಗೆ, ನಾಲ್ಕು ಗಂಟೆಯ ಆಸುಪಾಸು. ನಾನಾದರೆ ಅದರಲ್ಲೇ ಹೋಗುತ್ತೇನೆ. ಮಂಡಕಳ್ಳಿಯ ರನ್‌ವೇ 1740 ಮೀಟರ್, ಎಟಿಆರ್‌ಗೆ ಸಾಕು, ದೊಡ್ಡ ಜೆಟ್‌ಗೆ ಸಾಲದು. ಅದು ಉದ್ದ ಆದ ದಿನ ಮೈಸೂರಿನವರು ಬೆಂಗಳೂರನ್ನು ಕೇಳುವುದೇ ಇಲ್ಲ, ನೇರ ದೆಹಲಿ, ಮುಂಬೈ ಕೇಳುತ್ತಾರೆ. ಅವರಿಗೆ ಬೇಕಾಗಿರುವುದೂ ಅದೇ.

ಪ್ರಶ್ನೆ: ನಮ್ಮ ಕಲಬುರಗಿಗೆ ಅಷ್ಟು ದೊಡ್ಡ ರನ್‌ವೇ ಕೊಟ್ಟರು, ವಿಮಾನ ಮಾತ್ರ ಇವತ್ತು ಇದ್ದದ್ದು ನಾಳೆ ಇರುವುದಿಲ್ಲ. ದೂರ ನೋಡಿದರೆ ವಿಮಾನ ಬೇಕಾದದ್ದೇ ನಮಗೆ. ಏನಿದು ಅನ್ಯಾಯ? (ವ್ಯಾಪಾರಿ, ಕಲಬುರಗಿ)

ನಿಮ್ಮ ಸಿಟ್ಟು ನ್ಯಾಯದ್ದೇ. ಈ ಪತ್ರಗಳಲ್ಲಿ ನಿಜವಾಗಿ ವಿಮಾನ ಬೇಕಾದವರು ಯಾರಾದರೂ ಇದ್ದರೆ ಅದು ನೀವು. ಕಲಬುರಗಿಯಿಂದ ಬೆಂಗಳೂರಿಗೆ ನೇರ ಗೆರೆಯಲ್ಲಿ 464 ಕಿ.ಮೀ., ಬೀದರಿನಿಂದ 524. ವಂದೇ ಭಾರತ್ ರೈಲಿನಲ್ಲೂ ಕಲಬುರಗಿ–ಬೆಂಗಳೂರು ಹತ್ತಿರ ಹತ್ತಿರ ಒಂಬತ್ತು ಗಂಟೆ. ವಿಮಾನವಾದರೆ ಮನೆಯಿಂದ ಮನೆಗೆ ಐದು. ನಾಲ್ಕು ಗಂಟೆ ಉಳಿಯುವುದು ಸಣ್ಣ ಮಾತಲ್ಲ. ಹುಬ್ಬಳ್ಳಿ–ಮಂಗಳೂರಿನ ತಾಯಿಗೆ ಬಸ್ ಹತ್ತಿಸಿ ಅಂದ ನಾನೇ ನಿಮಗೆ ಹಾಗೆ ಹೇಳಲಾರೆ.

ಹಾಗಾದರೆ ಯಾಕೆ ಬಂದು ಬಂದು ಹೋಗುತ್ತವೆ? ಸಣ್ಣ ಊರುಗಳಿಗೆ ವಿಮಾನ ಬಿಡಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆ ಹೇಗೆ ನಡೆಯುತ್ತದೆ ಅಂತ ನೋಡಿದರೆ ಗೊತ್ತಾಗುತ್ತದೆ. 2017ರ ಏಪ್ರಿಲ್ 27ರಂದು ಶಿಮ್ಲಾ–ದೆಹಲಿ ನಡುವೆ ಅದರ ಮೊದಲ ವಿಮಾನ ಹಾರಿತು. ಸಣ್ಣ ಊರಿನ ದಾರಿ ಹಿಡಿಯುವ ಕಂಪನಿಗೆ ಅರ್ಧ ಸೀಟುಗಳನ್ನು ಕಡಿಮೆ ದರದಲ್ಲಿ ಮಾರಬೇಕು ಅನ್ನುವ ಷರತ್ತು, ಶುರುವಿನಲ್ಲಿ ಸುಮಾರು 500 ಕಿ.ಮೀ. ಅಥವಾ ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಮಿತಿ. ಅದರಿಂದ ಆಗುವ ನಷ್ಟವನ್ನು ಸರ್ಕಾರ ತುಂಬಿಕೊಡುತ್ತದೆ, ಅದರಲ್ಲಿ ರಾಜ್ಯದ ಪಾಲೂ ಇದೆ. ಇಂಧನದ ಮೇಲೆ ತೆರಿಗೆ ಕಡಿಮೆ. ಆ ದಾರಿಯಲ್ಲಿ ಬೇರೆಯವರು ಬರುವಂತಿಲ್ಲ. ಎಲ್ಲ ಸರಿ, ಆದರೆ ಇದು ಮೂರು ವರ್ಷಕ್ಕೆ. ಮೂರು ವರ್ಷದ ಮೇಲೆ ಸಹಾಯಧನ ನಿಲ್ಲುತ್ತದೆ, ಟಿಕೆಟ್ ದರ ಏರುತ್ತದೆ, ಏರಿದ ದರಕ್ಕೆ ಜನ ಹತ್ತುವುದಿಲ್ಲ, ಹತ್ತದಿದ್ದರೆ ಆ ವಿಮಾನವನ್ನು ಕಂಪನಿ ಬೇರೆ ಊರಿಗೆ ತಿರುಗಿಸುತ್ತದೆ. ಬಸ್ಸಾದರೆ ಖಾಲಿ ಹೋದರೂ ಡೀಸೆಲ್ ಅಷ್ಟೇ ಖರ್ಚು. ವಿಮಾನದ ಬಾಡಿಗೆಯೇ ದಿನಕ್ಕೆ ಏರುತ್ತಿರುತ್ತದೆ, ನಿಂತರೂ ಖರ್ಚು.

ಇನ್ನೊಂದು ಕಾರಣ ನಿಮಗೂ ಗೊತ್ತು, ಹೇಳಿದರೆ ಕೋಪ ಮಾಡಿಕೊಳ್ಳಬೇಡಿ. ಕಲಬುರಗಿಯಿಂದ ಹೈದರಾಬಾದಿನ ಶಂಶಾಬಾದ್ ನಿಲ್ದಾಣ ನೇರ ಗೆರೆಯಲ್ಲಿ 157 ಕಿ.ಮೀ., ಬೀದರಿನಿಂದ 124. ಅಲ್ಲಿಂದ ಎಲ್ಲ ಊರಿಗೂ ವಿಮಾನ ಇದೆ, ಕಾರಿನಲ್ಲಿ ಮೂರು ನಾಲ್ಕು ಗಂಟೆ. ದುಬೈಗೆ, ದೆಹಲಿಗೆ ಹೋಗುವ ನಿಮ್ಮ ಊರಿನವರು ಹಿಡಿಯುವುದು ಆ ದಾರಿಯನ್ನೇ. ಹಾಗಾಗಿ 2019ರ ನವೆಂಬರ್ 22ರಂದು ಶುರುವಾದ ನಿಮ್ಮ ನಿಲ್ದಾಣಕ್ಕೆ, 3175 ಮೀಟರ್ ರನ್‌ವೇ ಇದ್ದರೂ, ಉಳಿಯುವುದು ಬೆಂಗಳೂರಿನ ಜನ ಮಾತ್ರ. ವಾರಕ್ಕೆ ಮೂರು ದಿನ ಬರುವ ವಿಮಾನವನ್ನು ಯಾರೂ ನೆಚ್ಚಿಕೊಳ್ಳುವುದಿಲ್ಲ, ನೆಚ್ಚಿಕೊಳ್ಳದಿದ್ದರೆ ಸೀಟು ತುಂಬುವುದಿಲ್ಲ, ತುಂಬದಿದ್ದರೆ ದಿನಾ ಬಿಡುವುದಿಲ್ಲ. ಬೆಳಗ್ಗೆ ಹೋಗಿ ವಿಧಾನಸೌಧದ ಕೆಲಸ ಮುಗಿಸಿ ರಾತ್ರಿ ಮನೆಗೆ ಬರುವ ಹಾಗೆ ದಿನಕ್ಕೆ ಎರಡು ಸಲ ಬಿಟ್ಟು, ಎರಡು ವರ್ಷ ನಷ್ಟ ಸಹಿಸುವವರು ಯಾರಾದರೂ ಬಂದರೆ ಈ ದಾರಿ ಉಳಿಯುತ್ತದೆ ಅಂತ ನನ್ನ ನಂಬಿಕೆ. ಆ ನಷ್ಟ ಸಹಿಸಬೇಕಾದವರು ಕಂಪನಿಯವರಲ್ಲ, ಸರ್ಕಾರ. ಹಳ್ಳಿಗೆ ಬಸ್ ಬಿಡುವಾಗ ಲಾಭ ಕೇಳುತ್ತೇವಾ?

ಪ್ರಶ್ನೆ: ಮಂಗಳೂರಿನಿಂದ ದುಬೈಗೆ ಹೋಗುವಾಗ ಟಿಕೆಟಿನಲ್ಲಿ ಎರಡು ಗಂಟೆ, ಬರುವಾಗ ಐದು ಗಂಟೆ! ಬರುವ ವಿಮಾನ ಅಷ್ಟು ನಿಧಾನವಾ? (ಕುಂದಾಪುರದವರು, ಈಗ ದುಬೈ)

ಇಲ್ಲ ಮಾರಾಯ್ರೆ, ಗಡಿಯಾರದ ಆಟ ಅದು. ಟಿಕೆಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದ್ದು, ತಲುಪುವ ಹೊತ್ತು ತಲುಪುವ ಊರಿನದ್ದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಎರಡೂ ಕಡೆ ಹಾರಾಟ ಮೂರೂವರೆ ಗಂಟೆಯ ಆಸುಪಾಸು. ಹೋಗುವಾಗ ಅದರಲ್ಲಿ ಒಂದೂವರೆ ಕಳೆಯಿರಿ, ಬರುವಾಗ ಕೂಡಿಸಿ. ಚಳಿಗಾಲದಲ್ಲಿ ಮೇಲೆ ಪಶ್ಚಿಮದ ಗಾಳಿ ಜೋರಿರುವುದರಿಂದ ಊರಿಗೆ ಬರುವ ವಿಮಾನವೇ ಸ್ವಲ್ಪ ಬೇಗ. ಅಂದ ಹಾಗೆ ದುಬೈ–ಮಂಗಳೂರು ಸುಮಾರು 2,460 ಕಿ.ಮೀ. ಹುಬ್ಬಳ್ಳಿಯ ಆ ಹುಡುಗಿ ಮನೆಗೆ ಹೋಗಲು ಎಂಟು ಗಂಟೆ ತಗೊಂಡರೆ ನೀವು ಅದರ ಅರ್ಧ ಹೊತ್ತಲ್ಲಿ ಸಮುದ್ರ ದಾಟಿರುತ್ತೀರಿ. ಬಜ್ಪೆಯಿಂದ ಕುಂದಾಪುರಕ್ಕೆ ಬರುವ ತೊಂಬತ್ತು ಕಿ.ಮೀ.ಗೆ ಮತ್ತೆ ಎರಡು ಗಂಟೆ ಇಟ್ಟುಕೊಳ್ಳಿ.

ಪ್ರಶ್ನೆ: ಹುಬ್ಬಳ್ಳಿ, ಬೆಳಗಾವಿ ನಡುವೆ ವಿಮಾನ ಬಿಡಬಾರದೇಕೆ? (ಕಿತ್ತೂರು)

75 ಕಿ.ಮೀ. ಇದೆ ಸ್ವಾಮಿ ಎರಡು ನಿಲ್ದಾಣಗಳ ನಡುವೆ. ವಿಮಾನ ಏರುವಷ್ಟರಲ್ಲಿ ನಿಮ್ಮ ಕಿತ್ತೂರು, ಇಳಿಯಲು ಶುರು ಮಾಡಿದರೆ ಬೆಳಗಾವಿ. ಸಾಂಬ್ರಾ ನಿಲ್ದಾಣ 1942ರಲ್ಲಿ ಬ್ರಿಟಿಷರ ವಾಯುಪಡೆ ಕಟ್ಟಿದ್ದು, ಹುಬ್ಬಳ್ಳಿಯದು ಆಮೇಲೆ ಬಂದದ್ದು. ಅವೆರಡು ಒಂದಕ್ಕೊಂದು ಪೈಪೋಟಿಗೆ ಇವೆ, ನಂಟಸ್ತಿಕೆಗೆ ಅಲ್ಲ. ನಿಮ್ಮೂರಿನ ಮುಂದೆಯೇ ಹೆದ್ದಾರಿ ಇದೆ, ಬಸ್ಸಿಗೆ ಕೈ ಮಾಡಿ.

ಪ್ರಶ್ನೆ: ಹಾಗಾದರೆ ಪ್ರಪಂಚದಲ್ಲಿ ಅತಿ ಸಣ್ಣ ವಿಮಾನ ಪ್ರಯಾಣ ಯಾವುದು? (ವಿದ್ಯಾರ್ಥಿನಿ, ತುಮಕೂರು)

ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ಅಂತ ದ್ವೀಪಗಳಿವೆ. ಅಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ 2.7 ಕಿ.ಮೀ. ಬೆಂಗಳೂರು ನಿಲ್ದಾಣದ ಒಂದು ರನ್‌ವೇಯೇ 4 ಕಿ.ಮೀ. ಇದೆ, ಅಂದರೆ ಆ ಇಡೀ ಪ್ರಯಾಣ ನಮ್ಮ ರನ್‌ವೇ ಒಳಗೇ ಮುಗಿದು ಇನ್ನೂ ಜಾಗ ಮಿಗುತ್ತದೆ. ವೇಳಾಪಟ್ಟಿಯಲ್ಲಿ ಎರಡು ನಿಮಿಷ ಅಂತ ಇರುತ್ತದೆ, ಗಾಳಿ ಅನುಕೂಲವಾಗಿದ್ದ ಒಂದು ದಿನ 53 ಸೆಕೆಂಡಿನಲ್ಲೇ ಹಾರಿದ ದಾಖಲೆ ಇದೆ. ಎಂಟು ಜನ ಕೂರುವ ಪುಟ್ಟ ವಿಮಾನ. ಮೇಷ್ಟ್ರು, ಡಾಕ್ಟರು, ಶಾಲೆಯ ಮಕ್ಕಳು ನಮ್ಮಲ್ಲಿ ದೋಣಿ ದಾಟಿದ ಹಾಗೆ ಅದರಲ್ಲಿ ಓಡಾಡುತ್ತಾರೆ, ಮಧ್ಯೆ ಇರುವುದು ಸಮುದ್ರ, ಬಸ್ ಬಿಡೋಣ ಅಂದರೆ ಸೇತುವೆ ಇಲ್ಲ.